ರದ್ದಿಗೆ ಹೋದ ಹೆರಿಗೆ ರಿಜಿಸ್ಟರುಗಳು: ಆರೋಗ್ಯ ಸಚಿವರಿಗೆ ಒಬ್ಬ ನರ್ಸಮ್ಮನ ಮಗಳ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಆರೋಗ್ಯ ಉಪಕೇಂದ್ರಗಳಲ್ಲಿ ಉಳಿದಿರುವ ಹಳೆಯ ಹೆರಿಗೆ ಮತ್ತು ಲಸಿಕೆ ರಿಜಿಸ್ಟರುಗಳನ್ನು ಕಾಪಾಡುವಂತೆ ಕೋರಿ.

ಮಾನ್ಯರೇ,

ನನ್ನ ತಾಯಿ 1981ರಿಂದ 2013ರವರೆಗೆ, ಒಟ್ಟು ಮೂವತ್ತೆರಡು ವರ್ಷ, ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೆ ದಡದ ಊರುಗಳಲ್ಲಿ ತಮ್ಮ ಇಲಾಖೆಯ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದರು. ಈಗ ಆ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರು ಬಂದಿದೆ. ಊರವರಿಗೆ ಮಾತ್ರ ಅವರು ಮೊದಲಿನಿಂದ ಕೊನೆಯವರೆಗೂ ನರ್ಸಮ್ಮ. 2024ರ ಮಳೆಗಾಲದಲ್ಲಿ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ಅವರು ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಬಂದಿದ್ದ ನಿವೃತ್ತ ಮೇಷ್ಟರೊಬ್ಬರು, ನಾಲ್ಕು ಮಾತು ಆಡಬೇಕೆಂದಿದ್ದೇನೆ ಎಂದು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಮ್ಮ ಒಟ್ಟು ಎಷ್ಟು ಹೆರಿಗೆ ಮಾಡಿಸಿರಬಹುದು, ತಂಗಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಮ್ಮನನ್ನು ಇದೇ ಪ್ರಶ್ನೆ ಹಿಂದೆ ಹಲವು ಸಲ ಕೇಳಿದ್ದೆ. ಪ್ರತಿ ಸಲವೂ ಅವರು, "ಎಲ್ಲ ರಿಜಿಸ್ಟರಿನಲ್ಲಿ ಇದೆಯಲ್ಲ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು.

ಆ ರಿಜಿಸ್ಟರುಗಳನ್ನು ನೋಡಿ ಎಣಿಸಿ ಬರೋಣವೆಂದು ಎರಡು ತಿಂಗಳ ನಂತರ ನಾನು ಅಮ್ಮ ಕೊನೆಯದಾಗಿ ಕೆಲಸ ಮಾಡಿದ ಉಪಕೇಂದ್ರಕ್ಕೆ ಹೋದೆ. ಕಟ್ಟಡಕ್ಕೆ ಹೊಸ ಬಣ್ಣ ಬಳಿದಿದ್ದರು, ನೆಲಕ್ಕೆ ಟೈಲ್ಸ್ ಬಂದಿತ್ತು. ಅಲ್ಲಿದ್ದ ಕಿರಿಯ ವಯಸ್ಸಿನ ನರ್ಸ್ ನನ್ನನ್ನು ಬಹಳ ಪ್ರೀತಿಯಿಂದ ಕೂರಿಸಿ, ಬೀಗ ತೆಗೆದು ಕಬ್ಬಿಣದ ಬೀರುವನ್ನೇ ತೋರಿಸಿದರು. ಅದರಲ್ಲಿದ್ದದ್ದು ಕಳೆದ ಏಳೆಂಟು ವರ್ಷಗಳ ಪುಸ್ತಕಗಳು ಮಾತ್ರ. "ಹಳೆಯದೆಲ್ಲ ರಿಪೇರಿ ಮಾಡಿಸುವಾಗ ತೂಕಕ್ಕೆ ಹಾಕಿದರಂತೆ ಮೇಡಂ, ನಾನು ಬರುವುದಕ್ಕೆ ಮುಂಚೆ" ಎಂದು ಹೇಳುವಾಗ ಅವರ ಮುಖ ಸಣ್ಣದಾಗಿತ್ತು. ಅದು ಯಾವ ಉಪಕೇಂದ್ರ, ಯಾರು ಹಾಕಿದರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಗೆದ್ದಲು ಹಿಡಿದ ಕಾಗದದ ಕಟ್ಟುಗಳನ್ನು ಏನು ಮಾಡಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅವರು ತಮಗೆ ತೋಚಿದ್ದನ್ನು ಮಾಡಿದರು. ಹೇಳಬೇಕಾದವರು ತಾವು ಎಂಬ ಕಾರಣಕ್ಕೆ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಉಪಕೇಂದ್ರದ ರಿಜಿಸ್ಟರ್ ಎಂದರೆ ಏನೆಂಬುದು ತಮ್ಮ ಅಧಿಕಾರಿಗಳಿಗೆ ತಿಳಿದಿರುತ್ತದೆ, ಆದರೆ ಇದನ್ನು ಓದುವ ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನಸಂಖ್ಯೆಗೆ ಒಂದು ಉಪಕೇಂದ್ರವೆಂಬುದು ಸರ್ಕಾರದ ಲೆಕ್ಕ. ನಮ್ಮ ಕಡೆ ಆ ಮೂರು ಸಾವಿರ ಜನ ಒಂದು ಕಡೆ ಇರುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಗದ್ದೆ, ಹಳ್ಳದ ಸಂಕ, ಬ್ಯಾಣ, ಸೊಪ್ಪಿನಬೆಟ್ಟ ದಾಟಿ ಹೋಗಬೇಕು. ಆ ಮನೆಗಳಲ್ಲಿ ಯಾರು ಬಸುರಿ, ಎಷ್ಟನೆಯ ತಿಂಗಳು, ಧನುರ್ವಾಯು ತಡೆಯುವ ಟಿ.ಟಿ. ಚುಚ್ಚುಮದ್ದು ಆಗಿದೆಯೇ, ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆಯೇ, ಹೆರಿಗೆ ಎಷ್ಟು ಹೊತ್ತಿಗೆ ಆಯಿತು, ಮಗುವಿನ ತೂಕವೆಷ್ಟು, ಕ್ಷಯ ತಡೆಯುವ ಬಿಸಿಜಿ ಲಸಿಕೆ ಯಾವತ್ತು ಹಾಕಿದ್ದು ಎಂಬುದೆಲ್ಲ ಕೈಯಲ್ಲಿ ಗೆರೆ ಎಳೆದ ಪುಸ್ತಕಗಳಲ್ಲಿ ಸಾಲುಸಾಲಾಗಿ ಇರುತ್ತಿತ್ತು. ಕೊನೆಯ ಕಾಲಮಿನ ಹೆಸರು ಷರಾ. ಅಲ್ಲಿ ಬಹುತೇಕ ಎಲ್ಲರೂ ತಾಯಿ ಮಗು ಕ್ಷೇಮ ಎಂದು ಬರೆದು ಮುಗಿಸುತ್ತಿದ್ದರು. ಅಮ್ಮ ಮಾತ್ರ ಆ ಒಂದು ಅಂಗುಲ ಅಗಲದ ಜಾಗದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇಲಾಖೆ ಕೇಳದ ಸಂಗತಿಗಳನ್ನೂ ಬರೆಯುತ್ತಿದ್ದರು. "ಅತ್ತೆ ಬಿಸಿನೀರು ಕಾಯಿಸಿಟ್ಟಿದ್ದರು." "ಕೂಸು ತಡವಾಗಿ ಅತ್ತಿತು." "ಎರಡು ಲೋಟ ಗಂಜಿ ಕುಡಿದಳು." ಮೇಲ್ವಿಚಾರಣೆಗೆ ಬಂದವರೊಬ್ಬರು ಇದೆಲ್ಲ ಯಾಕೆ ಎಂದು ಕೇಳಿದಾಗ, ಮುಂದಿನ ಸಲ ಆ ಮನೆಗೆ ಹೋಗುವಾಗ ನನಗೆ ನೆನಪಿರಬೇಕಲ್ಲ ಸಾರ್ ಎಂದು ಉತ್ತರ ಕೊಟ್ಟಿದ್ದರಂತೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಆ ದಡದ ಊರುಗಳು ಹೇಗೆ ಉಳಿದವು ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನಾಡಿಗೆಲ್ಲ ಬೆಳಕು ಕೊಡಲು ಮುಳುಗಿದ ನೆಲದ ಅಂಚಿನಲ್ಲಿ, ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ನೀರನ್ನು ಲಾಂಚಿನಲ್ಲಿ ದಾಟುತ್ತಾ, ಜನ ಎರಡು ತಲೆಮಾರು ಕಳೆದರು. ಸಂಜೆ ಲಾಂಚ್ ನಿಂತಿತೆಂದರೆ ಬೆಳಗಿನವರೆಗೆ ಆಚೆಯ ಸಾಗರ ಪೇಟೆ ಇದ್ದೂ ಇಲ್ಲ. ಹಾಗಾಗಿ ಹೊತ್ತು ಮುಳುಗಿದ ಮೇಲೆ ಬರುವ ಪ್ರತಿಯೊಂದು ನೋವು ಅಮ್ಮನ ಪಾಲಿಗೆ ಬರುತ್ತಿತ್ತು.

ಅಂಥ ಒಂದು ರಾತ್ರಿ ನಾನೂ ಅವರ ಜೊತೆಗೆ ಹೋಗಿದ್ದೆ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು, ಆ ದಿನ ಊರಲ್ಲಿರಲಿಲ್ಲ. ಆರೇಳು ವರ್ಷದ ನನ್ನನ್ನು ಕ್ವಾರ್ಟರ್ಸಿನಲ್ಲಿ ಒಬ್ಬಳನ್ನೇ ಬಿಡಲಾಗದೆ ಕರೆದುಕೊಂಡು ಹೋದರು. ಮುಂದೆ ಲಾಟೀನು ಹಿಡಿದ ಮನೆಯವನು, ಹಿಂದೆ ಕಂಬಳಿ ಕೊಪ್ಪೆ ಹಾಕಿಕೊಂಡ ಅಮ್ಮ, ಅವರ ಬೆನ್ನಿಗೆ ಅಂಟಿಕೊಂಡಂತೆ ನಾನು. ಆ ಮನೆಯ ಒಲೆಯ ಮೇಲೆ ಸ್ಟೆರಿಲೈಸರ್ ಡಬ್ಬಿಯಲ್ಲಿ ಗಾಜಿನ ಸಿರಿಂಜು ಕುದಿಯುವಾಗ ಕಿಣಿಕಿಣಿ ಸದ್ದು ಬರುತ್ತಿದ್ದುದು, ಅಮ್ಮ ಬಾಗಿಲಿನ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತು ಕಾಲಿಗೆ ಹತ್ತಿದ್ದ ಉಂಬಳಗಳನ್ನು ಸುಣ್ಣ ಮುಟ್ಟಿಸಿ ಬಿಡಿಸಿಕೊಂಡು, ಮೊಣಕೈವರೆಗೆ ಸೋಪು ಹಚ್ಚಿ ಎರಡೆರಡು ಸಲ ತೊಳೆದುಕೊಂಡುದು ಕಣ್ಣಿಗೆ ಕಟ್ಟಿದಂತಿದೆ. ಕೂಸು ಹುಟ್ಟಿದ ಮೇಲೆ ಅಳಲಿಲ್ಲ. ಅಮ್ಮ ಅದರ ಬಾಯಿ ಮೂಗಿನ ಲೋಳೆಯನ್ನು ಕೊಳವೆಯಿಂದ ತೆಗೆದು, ಒಣಬಟ್ಟೆಯಲ್ಲಿ ಬೆನ್ನು ತಿಕ್ಕಿ, ಅಂಗಾಲಿಗೆ ಬೆರಳಿನಿಂದ ತಟ್ಟುತ್ತಾ, "ಬಾರೋ ಮಾರಾಯ, ಬಾ" ಎಂದು ಯಾರನ್ನೋ ಬಾಗಿಲಿನಲ್ಲಿ ನಿಂತು ಕರೆಯುವವರ ಹಾಗೆ ಕರೆಯುತ್ತಿದ್ದರು. ಅದು ಅತ್ತಿತು. ಮನೆಯವರೆಲ್ಲ ದೇವರ ಮುಂದೆ ಹೋದರು. ಅಮ್ಮ ಗಡಿಯಾರ ನೋಡಿ ಕಚ್ಚಾ ಪುಸ್ತಕ ತೆಗೆದು ಹೊತ್ತು ಬರೆದುಕೊಂಡರು. ಆ ಹುಡುಗ ಈಗ ಎರಡು ಮಕ್ಕಳ ತಂದೆ. ಅಮ್ಮನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಮಗಳಾಗಿ ನನಗೆ ಅವರ ಮೇಲೆ ಸಿಟ್ಟು ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ನನಗೆ ಸೀತಾಳೆ ಸಿಡುಬು ಎದ್ದು ಮೈಯೆಲ್ಲ ಉರಿಯುತ್ತಿದ್ದ ದಿನವೇ ಯಾರದೋ ಮನೆಯಿಂದ ಕರೆ ಬಂದು, ಅವರು ಬೇವಿನ ಸೊಪ್ಪನ್ನು ನನ್ನ ಕೈಗೆ ಕೊಟ್ಟು ಪಕ್ಕದ ಮನೆಯವರಿಗೆ ಹೇಳಿ ಹೊರಟುಹೋದರು. ಮರುದಿನ ಮಧ್ಯಾಹ್ನ ಬಂದವರು ಬಟ್ಟೆ ಬದಲಿಸಿ, ಕೈ ತೊಳೆದು, ಮಾತಾಡದೆ ನನ್ನ ಪಕ್ಕದಲ್ಲೇ ಮಲಗಿ ಬೆಳಗಿನವರೆಗೂ ಬೀಸಣಿಗೆ ಬೀಸಿದರು. ಆ ಬೀಸಣಿಗೆಯ ಗಾಳಿ ನನಗೆ ಈಗಲೂ ನೆನಪಿದೆ, ಅವರು ಹೋಗಿದ್ದಕ್ಕಿಂತ ಹೆಚ್ಚಾಗಿ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಶಾಲೆಯ ದಾಖಲೆಯಲ್ಲಿ ನನ್ನ ಹುಟ್ಟಿದ ದಿನ ತಪ್ಪಾಗಿದೆಯೇ ಎಂಬ ಪ್ರಶ್ನೆ ಬಂತು. ಅಮ್ಮ ಬೀರುವಿನಿಂದ 1982ರ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ತಾಯಿಯ ಹೆಸರು ಎಂಬ ಕಾಲಮಿನಲ್ಲಿ ಅವರದೇ ಕೈಬರಹದಲ್ಲಿ ಅವರದೇ ಹೆಸರು ಇತ್ತು. ಹೆಣ್ಣು, 2 ಕೆ.ಜಿ. 750 ಗ್ರಾಂ. ಹೆರಿಗೆ ಮಾಡಿಸಿದವರು ಎಂಬಲ್ಲಿ ಊರಿನ ಸೂಲಗಿತ್ತಿ ಅಜ್ಜಿಯ ಹೆಸರು. ಮಳೆಯಲ್ಲಿ ಲಾಂಚ್ ಹೋಗದೆ ಅವರೂ ಅಲ್ಲೇ ಹೆತ್ತಿದ್ದರು, ಮತ್ತು ಮರುದಿನ ಎದ್ದು ಕುಳಿತು ತಮ್ಮ ಹೆರಿಗೆಯನ್ನು ತಾವೇ ತಮ್ಮ ಕಾರ್ಯಕ್ಷೇತ್ರದ ಹೆರಿಗೆಗಳ ನಡುವೆ, ಕ್ರಮಸಂಖ್ಯೆ ತಪ್ಪದಂತೆ, ಬರೆದುಕೊಂಡಿದ್ದರು. ಷರಾದಲ್ಲಿ ಒಂದೇ ಮಾತು: "ನನ್ನ ಮಗಳು." ಸರ್ಕಾರಿ ಪುಸ್ತಕದಲ್ಲಿ ಹಾಗೆ ಬರೆಯಬಹುದೋ ಇಲ್ಲವೋ ನನಗೆ ತಿಳಿಯದು. ತೂಕಕ್ಕೆ ಹೋದ ಕಾಗದದಲ್ಲಿ ಆ ಸಾಲೂ ಹೋಯಿತು.

ಎಲ್ಲ ಸಾಲುಗಳೂ ಅಷ್ಟು ಸುಖದವಲ್ಲ. 1990ರ ದಶಕದ ಒಂದು ರಾತ್ರಿ, ಹೆರಿಗೆಯಾಗಿ ಗಂಟೆ ಕಳೆದರೂ ಕಸ, ಅಂದರೆ ಮಾಸು, ಬೀಳದೆ ರಕ್ತ ನಿಲ್ಲದಾದಾಗ, ಬಾಣಂತಿಯನ್ನು ಕಂಬಳಿಯಲ್ಲಿ ಎತ್ತಿಕೊಂಡು ದೋಣಿಗೆ ಹಾಕಿ ಹೊರಟವರು ಆಚೆ ದಡ ಮುಟ್ಟುವ ಹೊತ್ತಿಗೆ ಅವಳು ಇರಲಿಲ್ಲ. ಅಮ್ಮ ಆ ಸಾಲಿನ ಷರಾದಲ್ಲಿ ಹೊತ್ತನ್ನು ಮಾತ್ರ ಬರೆದರು. ಆ ಕೂಸಿಗೆ ಒಂದು ವರ್ಷ ತುಂಬುವವರೆಗೆ ಪ್ರತಿ ವಾರ ಆ ಮನೆಗೆ ಹೋಗಿ ತೂಕ ನೋಡಿ ಬರುತ್ತಿದ್ದರು, ಅದು ಅವರ ಭೇಟಿಯ ಪಟ್ಟಿಯಲ್ಲಿ ಇರಲಿ ಇಲ್ಲದಿರಲಿ.

ನಮ್ಮ ರಾಜ್ಯದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಮರಣ 2004–06ರಲ್ಲಿ 213 ಇದ್ದದ್ದು 2018–20ರ ಹೊತ್ತಿಗೆ 69ಕ್ಕೆ ಇಳಿದಿದೆ. ಇದು ಆಯ್ದ ಕೆಲವು ಊರುಗಳ ಜನನ ಮರಣ ಎಣಿಸಿ ಅಂದಾಜು ಮಾಡುವ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕ. ಉಪಕೇಂದ್ರದ ಪುಸ್ತಕಗಳನ್ನು ಕೂಡಿಸಿ ತೆಗೆದದ್ದಲ್ಲವೆಂಬುದು ನನಗೆ ಗೊತ್ತು. ಆದರೆ ಆ ಇಳಿಕೆ ಹೇಗೆ ಆಯಿತೆಂಬುದು ಆ ಪುಸ್ತಕಗಳಲ್ಲಿತ್ತು. ಮೊದಲ ವರ್ಷಗಳ ಪುಟಗಳಲ್ಲಿ ಎಲ್ಲ ಹೆರಿಗೆಗಳೂ ಮನೆಯಲ್ಲಿ. 2005ರಲ್ಲಿ ಆಸ್ಪತ್ರೆಯ ಹೆರಿಗೆಗೆ ಸಹಾಯಧನ ಕೊಡುವ ಜನನಿ ಸುರಕ್ಷಾ ಯೋಜನೆ ಬಂದು, 2008ರಲ್ಲಿ 108ರ ಆಂಬುಲೆನ್ಸ್ ಓಡತೊಡಗಿದ ಮೇಲೆ, ಹೆರಿಗೆಯ ಸ್ಥಳವೆಂಬ ಕಾಲಮಿನಲ್ಲಿ ಆಸ್ಪತ್ರೆ ಎಂಬ ಶಬ್ದ ಹೆಚ್ಚುತ್ತಾ ಹೋಗಿ, ಹೆರಿಗೆ ಮಾಡಿಸಿದವರ ಕಾಲಮಿನಲ್ಲಿ ಅಮ್ಮನ ಹೆಸರು ಅಪರೂಪವಾಗುತ್ತಾ ಬಂತು. ತಮ್ಮ ಹೆಸರು ಪುಸ್ತಕದಿಂದ ಹೀಗೆ ಮರೆಯಾಗುವುದನ್ನು ಅವರು ಹೆಮ್ಮೆಯಿಂದ ತೋರಿಸುತ್ತಿದ್ದರು. ಗುರಿ ಕೊಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೆಂಗಸರನ್ನು ಕರೆತರಬೇಕಾಗಿದ್ದ ದಿನಗಳು, 1996ರಲ್ಲಿ ಆ ಗುರಿಯ ಪದ್ಧತಿ ಹೋದದ್ದು, 1995ರಲ್ಲಿ ಪಲ್ಸ್ ಪೋಲಿಯೋ ಶುರುವಾಗಿ ಲಸಿಕೆಯ ಡಬ್ಬವನ್ನು ದೋಣಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಸೆರಗಿನ ನೆರಳು ಮಾಡಿ ದಾಟಿಸಿದ್ದು, 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ಆಗ್ನೇಯ ಏಷ್ಯಾ ಪ್ರದೇಶವನ್ನು ಪೋಲಿಯೋಮುಕ್ತವೆಂದು ಘೋಷಿಸುವವರೆಗಿನ ದಾರಿಯ ಬಹುಭಾಗ, ಇವೆಲ್ಲ ಅವರ ಒಬ್ಬರ ಕೈಬರಹದಲ್ಲಿ ಇದ್ದವು. ಮಲೆನಾಡಿನ ಒಂದು ಮೂಲೆಯ ಹೆಂಗಸರು ಮೂರು ದಶಕ ಹೇಗೆ ಬದುಕಿದರು ಎಂದು ಮುಂದೆ ಯಾರಾದರೂ ಬರೆಯಬೇಕೆಂದರೆ ಇದಕ್ಕಿಂತ ಮೇಲಾದ ಆಧಾರ ಎಲ್ಲಿ ಸಿಗುತ್ತದೆ?

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅಮ್ಮ ಪತ್ರಿಕೆಯ ಚಿತ್ರವನ್ನು ಕತ್ತರಿಸಿ ದೇವರ ಮನೆಯ ಬಾಗಿಲಿಗೆ ಅಂಟಿಸಿದ್ದರು. ಆ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ನಾಡಿಗೆ ಗೊತ್ತಾಯಿತು, ನಾಡು ಕೈಮುಗಿಯಿತು. ಅಕ್ಷರ ಕಲಿಯದ ಸೂಲಗಿತ್ತಿಯ ಲೆಕ್ಕವನ್ನು ಊರು ನೆನಪಿಟ್ಟುಕೊಂಡಿತು. ಅಕ್ಷರ ಕಲಿತು ಪ್ರತಿಯೊಂದನ್ನೂ ಬರೆದಿಟ್ಟ ಸರ್ಕಾರಿ ನರ್ಸುಗಳ ಲೆಕ್ಕ, ಬರೆದಿದ್ದಾರಲ್ಲ ಎಂಬ ನಂಬಿಕೆಯಲ್ಲಿಯೇ, ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ.

ಅಜ್ಜಿಯಾದ ಮೇಲೂ ಅಮ್ಮನ ಈ ಬರೆಯುವ ಅಭ್ಯಾಸ ಬಿಡಲಿಲ್ಲ. ನನ್ನ ಮಗಳು ಹುಟ್ಟಿದಾಗ, ಕೆಲಸಕ್ಕೆ ಹೋಗುವ ಮೊದಲು ದಿನಾ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಎರೆದು, ಹದಿನೈದು ದಿನಕ್ಕೊಮ್ಮೆ ಜೋಳಿಗೆಯ ತಕ್ಕಡಿಯಲ್ಲಿ ತೂಗಿ, ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಗುರುತು ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಮೊಮ್ಮಗಳಿಗೆ ಅಂಕಿ ಕಲಿಸಿದ್ದು ಬಿ.ಪಿ. ನೋಡುವ ಯಂತ್ರದ ಮುಳ್ಳಿನ ಮೇಲೆ. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬುದನ್ನು ಆ ಮಗು ಮಗ್ಗಿಯ ಹಾಗೆ ಒಪ್ಪಿಸುತ್ತಿತ್ತು. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಳ್ಳಲು ಹೋದಾಗ, ತೋಳು ಮುಂದೆ ಮಾಡುವ ಮುಂಚೆ ಸೀಸೆಯನ್ನು ಕೇಳಿ ತೆಗೆದುಕೊಂಡು, ಕನ್ನಡಕ ಹಾಕಿ ತಾರೀಖು ಓದಿ, ಆಮೇಲೆ ಲಸಿಕೆ ಹಾಕುವ ಹುಡುಗಿಯ ತಲೆ ಸವರಿದರು. ಅವಳು ಅವರ ಕೈಯಲ್ಲಿ ಬಿಸಿಜಿ ಹಾಕಿಸಿಕೊಂಡವಳು.

ಮಾನ್ಯರೇ, ಇದು ಕೇವಲ ಒಂದು ಮನೆಯ ನೆನಪಿನ ಮಾತಲ್ಲ. ಅಮ್ಮನ ನಿವೃತ್ತಿಯ ಮೇಲೂ ನಮ್ಮ ಮನೆಯ ಜಗುಲಿಗೆ ಜನ ಬರುತ್ತಿದ್ದರು. ಆ ಕಾಲದಲ್ಲಿ ಮನೆಯಲ್ಲಿ ಹುಟ್ಟಿದ ಅನೇಕರ ಜನನ ಗ್ರಾಮ ಲೆಕ್ಕಿಗರ ಪುಸ್ತಕಕ್ಕೆ ಏರಲೇ ಇಲ್ಲ. ಪಾಸ್‌ಪೋರ್ಟಿಗೋ ಪಿಂಚಣಿಗೋ ಜನನ ಪ್ರಮಾಣಪತ್ರ ಬೇಕಾದಾಗ, 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ಮೀರಿದ ಜನನಕ್ಕೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು, ಅದಕ್ಕೆ ಪುರಾವೆ ಬೇಕು. ಅಂಥವರು ಬಂದು, "ನಾನು ಹುಟ್ಟಿದ್ದು ಯಾವತ್ತು ನರ್ಸಮ್ಮ?" ಎಂದು ಕೇಳಿದರೆ, ಅಮ್ಮ ಇಂಥ ವರ್ಷದ ಪುಸ್ತಕ ನೋಡಿಸಿ ಎಂದು ಚೀಟಿ ಬರೆದು ಉಪಕೇಂದ್ರಕ್ಕೆ ಕಳಿಸುತ್ತಿದ್ದರು. ಈಗ ಚೀಟಿ ಬರೆಯುವವರೂ ಇಲ್ಲ, ನೋಡಲು ಪುಸ್ತಕವೂ ಇಲ್ಲ. ಹಳೆಯ ಜಮೀನಿನ ಕಡತಗಳು ಹಾಳಾಗಬಾರದೆಂದು ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳನ್ನೇ ಸ್ಕ್ಯಾನ್ ಮಾಡಿಸುತ್ತಿದೆ. ಬಹಳ ಒಳ್ಳೆಯ ಕೆಲಸ. ನೆಲದ ದಾಖಲೆಗೆ ಸಲ್ಲುವ ಆ ಜೋಪಾನ ಆ ನೆಲದ ಮೇಲೆ ಹುಟ್ಟಿದವರ ದಾಖಲೆಗೂ ಸಲ್ಲಬೇಕೆಂಬುದು ನನ್ನ ಬೇಡಿಕೆ.

ಹೆಚ್ಚಿನದನ್ನು ಕೇಳುತ್ತಿಲ್ಲ. ಉಪಕೇಂದ್ರಗಳ ಕಟ್ಟಡಗಳು ಎಲ್ಲೆಡೆ ದುರಸ್ತಿಯಾಗುತ್ತಿವೆ. ಬೀರು ಖಾಲಿಯಾಗುವುದು ಆಗಲೇ. ಅದಕ್ಕೆ ಮುಂಚೆ, ಗಣಕಯಂತ್ರಕ್ಕೆ ಮಾಹಿತಿ ಹಾಕುವ ಪದ್ಧತಿ ಬರುವ ಹಿಂದಿನ ಯಾವ ಹೆರಿಗೆ ಮತ್ತು ಲಸಿಕೆ ರಿಜಿಸ್ಟರನ್ನೂ ವಿಲೇವಾರಿ ಮಾಡಕೂಡದೆಂದು ಒಂದು ಸುತ್ತೋಲೆ ಹೊರಡಿಸಿ. ಉಳಿದಿರುವುದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ತರಿಸಿ, ಪಟ್ಟಿ ಮಾಡಿಸಿ, ರಾಜ್ಯ ಪತ್ರಾಗಾರ ಇಲಾಖೆಯ ನೆರವಿನಿಂದ ಸ್ಕ್ಯಾನ್ ಮಾಡಿಸಿ. ಆ ಪುಟಗಳಲ್ಲಿ ಹೆಂಗಸರ ಗುಟ್ಟುಗಳೂ ಇವೆ. ಗರ್ಭಪಾತ, ಕುಟುಂಬ ಯೋಜನೆ, ಗಂಡನಿಗೆ ತಿಳಿಸದೆ ಹಾಕಿಸಿಕೊಂಡ ಕಾಪರ್‌ಟಿ, ಇವನ್ನೆಲ್ಲ ನರ್ಸಮ್ಮನನ್ನು ನಂಬಿ ಹೇಳಿದವರು ಇನ್ನೂ ಬದುಕಿದ್ದಾರೆ. ಆದ್ದರಿಂದ ಅವರವರ ಸಾಲನ್ನು ಅವರವರಿಗೆ ಮಾತ್ರ ತೋರಿಸುವ ಕಟ್ಟುನಿಟ್ಟು ಇರಬೇಕು. ಇಲ್ಲದಿದ್ದರೆ ಸ್ಕ್ಯಾನ್ ಮಾಡಿಸದೆ ಬೀಗ ಹಾಕಿ ಇಡುವುದೇ ಮೇಲು. ಮತ್ತು ಪ್ರತಿ ಉಪಕೇಂದ್ರದ ಗೋಡೆಯ ಮೇಲೆ, ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಹೆಸರು ಬರೆಸುವಂತೆ, ಅಲ್ಲಿ ದುಡಿದ ನರ್ಸುಗಳ ಹೆಸರು ಮತ್ತು ವರ್ಷಗಳನ್ನು ಬರೆಸಿ. ಒಂದು ಡಬ್ಬಿ ಬಣ್ಣದ ಖರ್ಚು.

2025ರ ಜುಲೈ 14ರಂದು ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು. ಮರುವಾರ ನಾನು ಮಗಳೊಂದಿಗೆ ಅದರ ಮೇಲೆ ನಡೆದು ಆಚೆ ದಡಕ್ಕೆ ಹೋಗಿ ಬಂದೆ. ಅಮ್ಮ ಒಂದು ವರ್ಷ ಇದ್ದಿದ್ದರೆ ನೋಡುತ್ತಿದ್ದರು.

ಅವರ ಟ್ರಂಕಿನ ತಳದಲ್ಲಿ, ಹಳೆಯ ಬಿಳಿ ಸೀರೆಯ ಮಡಿಕೆಯೊಳಗೆ, ಒಂದು ಕಚ್ಚಾ ಪುಸ್ತಕ ಸಿಕ್ಕಿದೆ. 1994ರದ್ದು. ಮೊದಲ ಹಲವು ಪುಟಗಳು ನೀರು ಕುಡಿದು ಅಂಟಿಕೊಂಡಿವೆ, ಉಳಿದವನ್ನು ಓದಬಹುದು. ಅದರಲ್ಲಿ ಮೂವತ್ತೊಂದು ಹೆರಿಗೆಗಳನ್ನು ನಾನು ಎಣಿಸಿದ್ದೇನೆ. ಮೇಷ್ಟರಿಗೆ ಸದ್ಯಕ್ಕೆ ಅಷ್ಟನ್ನು ತಿಳಿಸಿದ್ದೇನೆ. ಈ ಪುಸ್ತಕವನ್ನು ಯಾವ ಕಚೇರಿಗೆ, ಯಾರ ಕೈಗೆ ಒಪ್ಪಿಸಬೇಕೆಂದು ತಾವು ತಿಳಿಸಿದರೆ ನಾನೇ ತಂದು ಕೊಟ್ಟು ರಸೀದಿ ಪಡೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನರ್ಸಮ್ಮನ ಮಗಳು,
ಸಾಗರ.